12 ಸೆಕೆಂಡಿನ ಜಾರು, 7 ನಿಮಿಷದ ಏರು: ಮರಳುಗುಡ್ಡದ ಖರ್ಚು-ವೆಚ್ಚ

ಸ್ಯಾಂಡ್‌ಬೋರ್ಡಿಂಗ್ ಎಂದರೆ ಜಾರುವ ಆಟ ಎಂದುಕೊಂಡವರು ಮೊದಲು ಒಂದು ಲೆಕ್ಕ ನೋಡಬೇಕು. 100 ಅಡಿ ಎತ್ತರದ ಮರಳಿನ ಇಳಿಜಾರನ್ನು ಹಲಗೆಯ ಮೇಲೆ ಇಳಿಯಲು ಬೇಕಾಗುವುದು ಹೆಚ್ಚುಕಮ್ಮಿ 12 ಸೆಕೆಂಡು. ಅದೇ ಹಲಗೆ ಹೊತ್ತು ಮತ್ತೆ ಮೇಲೆ ಹತ್ತಲು 7 ನಿಮಿಷ, ಅಂದರೆ 420 ಸೆಕೆಂಡು. ಒಂದಕ್ಕೆ ಮೂವತ್ತೈದು. ಬಾಡಿಗೆ ಕೊಡುವುದು ಜಾರಲಿಕ್ಕೆ, ದಿನವಿಡೀ ಮಾಡುವುದು ಹತ್ತುವ ಕೆಲಸ. ಗೆಳೆಯರ ಗುಂಪು ಕಟ್ಟಿಕೊಂಡು ಮೊದಲ ಸಲ ಹೊರಡುವವರು ಎಷ್ಟು ಹಲಗೆ ತೆಗೆದುಕೊಳ್ಳಬೇಕು, ಎಷ್ಟು ನೀರು ಹೊರಬೇಕು, ಎಷ್ಟು ಗಂಟೆಗೆ ಮನೆ ಬಿಡಬೇಕು ಎಂಬುದೆಲ್ಲ ಈ ಮೂವತ್ತೈದರಿಂದಲೇ ತೀರ್ಮಾನವಾಗುತ್ತದೆ.

ನಾನು ಲೆಕ್ಕ ಹಾಕಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನವನ್ನು ಇಟ್ಟುಕೊಂಡು. ಡೆನ್ವರ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಶನಿವಾರ ಬೆಳಗಿನ ಜಾವ ಹೊರಟರೆ ಸರಿರಾತ್ರಿಯೊಳಗೆ ಮನೆ ಸೇರಬಹುದಾದ ದೂರ. 1932ರ ಮಾರ್ಚ್‌ನಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 2004ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಸಿಕ್ಕಿತು. 2021ರಲ್ಲಿ ಇಲ್ಲಿಗೆ ಬಂದವರ ಸಂಖ್ಯೆ 6 ಲಕ್ಷ ದಾಟಿತ್ತು.

ಉತ್ತರ ಅಮೆರಿಕದ ಅತಿ ಎತ್ತರದ ಮರಳುಗುಡ್ಡಗಳು ಇಲ್ಲಿವೆ. ಸ್ಟಾರ್ ಡ್ಯೂನ್ ಎಂಬುದು ಬುಡದಿಂದ ನೆತ್ತಿಯವರೆಗೆ 741 ಅಡಿ, ಅಂದರೆ 226 ಮೀಟರ್. ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬರ ತಲೆಯ ಮೇಲೊಬ್ಬರಂತೆ ಹದಿಮೂರು ಸಲ ನಿಲ್ಲಿಸಿದರೆ ಎಷ್ಟೋ ಅಷ್ಟು. ಬಂದವರಲ್ಲಿ ಹೆಚ್ಚಿನವರು ಹತ್ತಲು ಹೊರಡುವುದು ಕಣ್ಣೆದುರೇ ಕಾಣುವ ಹೈ ಡ್ಯೂನ್ ಅನ್ನು. ಅದು 699 ಅಡಿ. ದಟ್ಟವಾದ ಮರಳುಗುಡ್ಡಗಳ ಹರವು ಸುಮಾರು 30 ಚದರ ಮೈಲಿ, 78 ಚದರ ಕಿಲೋಮೀಟರ್. ಒಟ್ಟು ಮರಳು 500 ಕೋಟಿ ಘನ ಮೀಟರಿಗೂ ಹೆಚ್ಚು ಎಂಬುದು ಉದ್ಯಾನದವರ ಅಂದಾಜು. ಎಲ್ಲವನ್ನೂ ಸಮತಟ್ಟಾಗಿ ಹರಡಿದರೆ 64 ಮೀಟರ್ ದಪ್ಪದ ಹಾಸು.

ಊರಲ್ಲಿ ಮನೆ ಕಟ್ಟಿಸಿದವರು ಯಾರೇ ಆಗಲಿ, ಈ ಗುಡ್ಡದೆದುರು ನಿಂತಾಗ ಲೋಡಿನ ಲೆಕ್ಕ ಹಾಕದೆ ಇರಲಾರರು. 10 ಘನ ಮೀಟರ್ ಹಿಡಿಸುವ ಟಿಪ್ಪರ್ ಲಾರಿಗೆ ತುಂಬಿದರೆ 50 ಕೋಟಿ ಲೋಡು. ಹಾಸನದ ಕಡೆಯ ಗೆಳೆಯನೊಬ್ಬ, ಎಂ-ಸ್ಯಾಂಡಿಗೆ ಕಾದು ಕಾದು ಮನೆ ಮುಗಿಸಿದವನು, "ಇಷ್ಟೊಂದು ಮರಳು ಇಟ್ಕೊಂಡು ಇವರು ಜಾರಾಡ್ತಾರಲ್ಲೋ!" ಎಂದು ಹೊಟ್ಟೆ ಉರಿಸಿಕೊಂಡ. ಅವನಿಗೆ ಸಮಾಧಾನವಾಗಲೆಂದು ಹೇಳಿದೆ: ಗಾಳಿ ಉರುಳಿಸಿ ಉರುಳಿಸಿ ನುಣುಪು ಮಾಡಿದ ಮರಳು ಕಾಂಕ್ರೀಟಿಗೆ ಒಗ್ಗುವುದಿಲ್ಲ, ಕಾಳು ಕಾಳಿಗೆ ಹಿಡಿತ ಸಾಲದು. ಮೇಲಾಗಿ ರಾಷ್ಟ್ರೀಯ ಉದ್ಯಾನದಿಂದ ಲೋಡುಗಟ್ಟಲೆ ಮರಳು ಒಯ್ಯುವುದಕ್ಕೆ ಅನುಮತಿಯಿಲ್ಲ. ಶೂ, ಜೇಬು, ಕಿವಿಗಳಲ್ಲಿ ತಾನಾಗಿ ಬರುವುದನ್ನು ಯಾರೂ ತಡೆಯುವುದಿಲ್ಲ.

ಈ ಗುಡ್ಡಗಳು ಇಷ್ಟು ಎತ್ತರ ಬೆಳೆದದ್ದಕ್ಕೆ ಕಾರಣ ಎದುರುಬದುರು ಬೀಸುವ ಗಾಳಿ. ಸ್ಯಾನ್ ಲೂಯಿ ಕಣಿವೆಯಲ್ಲಿ ನೈಋತ್ಯದಿಂದ ಸದಾ ಬೀಸುವ ಗಾಳಿ ಮರಳನ್ನು ಸ್ಯಾಂಗ್ರೆ ಡಿ ಕ್ರಿಸ್ಟೊ ಬೆಟ್ಟಸಾಲಿನ ಮೂಲೆಗೆ ತಳ್ಳುತ್ತದೆ. ಬಿರುಗಾಳಿಯ ದಿನಗಳಲ್ಲಿ ಈಶಾನ್ಯದಿಂದ ಬೆಟ್ಟದ ಸಂದುಗಳ ಮೂಲಕ ನುಗ್ಗುವ ಗಾಳಿ ಅದನ್ನೇ ಹಿಂದಕ್ಕೆ ನೂಕುತ್ತದೆ. ಮುಂದಕ್ಕೂ ಹಿಂದಕ್ಕೂ ಹೋಗಲಾರದ ಮರಳು ಮೇಲಕ್ಕೇರುತ್ತದೆ. ಜಾರುವವರಿಗೆ ಇದರಲ್ಲಿ ಕೆಲಸಕ್ಕೆ ಬರುವ ಮಾತು ಒಂದೇ: ಗುಡ್ಡದ ಒಂದು ಮೈ ಗಾಳಿಗೊಡ್ಡಿಕೊಂಡು ಗಟ್ಟಿಯಾಗಿ, ಸಾಧಾರಣ ಇಳಿಜಾರಾಗಿ ಇರುತ್ತದೆ, ಮರೆಯ ಮೈ ಕಡಿದಾಗಿ, ಸಡಿಲವಾಗಿ ಇರುತ್ತದೆ. ಹತ್ತುವುದಕ್ಕೆ ಮೊದಲನೆಯದು, ಜಾರುವುದಕ್ಕೆ ಎರಡನೆಯದು.

ಇಳಿಜಾರಿನ ಡಿಗ್ರಿ

ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ, ತಾನೇ ಕುಸಿಯುತ್ತದೆ. ಆದ್ದರಿಂದ ಎಷ್ಟೇ ದೊಡ್ಡ ಗುಡ್ಡವಾದರೂ ಅದರ ಅತಿ ಕಡಿದಾದ ಮೈ 30ರಿಂದ 34 ಡಿಗ್ರಿಯ ಒಳಗೇ ಇರುತ್ತದೆ. 32 ಡಿಗ್ರಿ ಎಂದಿಟ್ಟುಕೊಳ್ಳೋಣ. 100 ಅಡಿ ಎತ್ತರದ ಮೈಯನ್ನು ಇಳಿಯುವಾಗ ಹಲಗೆ ಸಾಗುವ ಉದ್ದ 189 ಅಡಿ, ಸುಮಾರು 57 ಮೀಟರ್. ಹೊಸಬರ ಸರಾಸರಿ ವೇಗ ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಮೊದಲು ಹೇಳಿದ 12 ಸೆಕೆಂಡು ಬಂದದ್ದು ಹೀಗೆ.

ಪಳಗಿದವರ ವೇಗ ಬೇರೆ. ನಮೀಬಿಯಾದಲ್ಲಿ 2010ರಲ್ಲಿ ಹೆನ್ರಿಕ್ ಮೇ ಎಂಬಾತ ಮರಳಿನ ಮೇಲೆ ಸ್ಕೀ ಕಟ್ಟಿಕೊಂಡು ಗಂಟೆಗೆ 92.12 ಕಿಲೋಮೀಟರ್ ವೇಗ ಮುಟ್ಟಿ ಗಿನ್ನೆಸ್ ದಾಖಲೆಗೆ ಸೇರಿದ. ಅದು ಅವನ ಕಸುಬು. ನಮ್ಮದು ವಾರಾಂತ್ಯದ ಹುಮ್ಮಸ್ಸು.

ಇಲ್ಲಿ ಹೊಸಬರನ್ನು ದಾರಿ ತಪ್ಪಿಸುವುದು ಹಿಮದ ಅನುಭವ. ಕೊಲರಾಡೊದಲ್ಲಿ ನಾಲ್ಕಾರು ಚಳಿಗಾಲ ಕಳೆದವರೆಲ್ಲ ಹಿಮದಲ್ಲಿ ಸ್ಲೆಡ್ ಎಳೆದಿರುತ್ತಾರೆ. ಅಲ್ಲಿ ಮೊದಲ ಪಾಠವೇ ಸಣ್ಣ ಇಳಿಜಾರಿನಿಂದ ಶುರುಮಾಡು ಎಂಬುದು. ಹಿಮದ ಮೇಲೆ ಘರ್ಷಣೆಯ ಗುಣಾಂಕ 0.1ಕ್ಕಿಂತ ಕಡಿಮೆ, ಹೀಗಾಗಿ 5-6 ಡಿಗ್ರಿಯ ಓರೆಯೂ ಜಾರಿಸುತ್ತದೆ. ಮರಳಿನ ಮಾತು ಬೇರೆ. 57 ಮೀಟರ್ ಇಳಿಯಲು 12 ಸೆಕೆಂಡು ಹಿಡಿಯುತ್ತದೆ ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಮೇಣ ಉಜ್ಜಿದ ಒಳ್ಳೆಯ ಹಲಗೆಗೂ ಗುಣಾಂಕ 0.5ರ ಆಸುಪಾಸು ಬರುತ್ತದೆ. 32 ಡಿಗ್ರಿಯ ಓರೆ ಕೊಡುವ ಎಳೆತ ಅದೇ ಅಳತೆಯಲ್ಲಿ 0.62. ನಡುವೆ ಉಳಿಯುವುದು ಬರೀ 0.12. ಓರೆ 25 ಡಿಗ್ರಿಗೆ ಇಳಿದರೆ ಎಳೆತ 0.47, ಅಲ್ಲಿಗೆ ಹಲಗೆ ಕದಲದೆ ಕೂರುತ್ತದೆ.

ಆದ್ದರಿಂದ ಮರಳಿನಲ್ಲಿ ಹೊಸಬರಿಗೆ ಬೇಕಾದದ್ದು ಉದ್ದನೆಯ ಮೆತ್ತನೆ ಇಳಿಜಾರಲ್ಲ, ಗಿಡ್ಡನೆಯ ಕಡಿದಾದ ಇಳಿಜಾರು. 30-40 ಅಡಿ ಎತ್ತರ ಸಾಕು, ಆದರೆ ಓರೆ 30 ಡಿಗ್ರಿ ಇರಲೇಬೇಕು. ಮೊಬೈಲಿನಲ್ಲಿರುವ ಲೆವೆಲ್ ಆ್ಯಪನ್ನು ಹಲಗೆಯ ಮೇಲಿಟ್ಟರೆ ಡಿಗ್ರಿ ತೋರಿಸುತ್ತದೆ. ನೋಡಿದಾಗ ಎದೆ ಝಲ್ಲೆನ್ನುವ ಓರೆಯೇ ಸರಿಯಾದ ಓರೆ. ಬಿದ್ದರೆ ಮರಳು ಹಿಡಿದುಕೊಳ್ಳುತ್ತದೆ; ಬುಡದಲ್ಲಿ ಕಲ್ಲಾಗಲಿ ಗಿಡವಾಗಲಿ ಇಲ್ಲವೆಂದು, ಬೇರೆಯವರು ಕೂತಿಲ್ಲವೆಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ. ಗಿಡಗಳಿರುವ ಜಾಗ ಬಿಟ್ಟು ಉಳಿದೆಲ್ಲೆಡೆ ಜಾರಲು ಉದ್ಯಾನದಲ್ಲಿ ಅವಕಾಶವಿದೆ. ಹೆಲ್ಮೆಟ್ ಬೇಕೇ ಎಂದು ಕೇಳಿದರೆ ಬೇಕು. ಸೈಕಲ್ಲಿನದೇ ನಡೆಯುತ್ತದೆ, ಹೊಸದಕ್ಕೆ ಖರ್ಚಿಲ್ಲ.

ಅಂಗಡಿಯಲ್ಲಿ 10-15 ಡಾಲರಿಗೆ ಸಿಗುವ ಪ್ಲಾಸ್ಟಿಕ್ ಸ್ಲೆಡ್ ತಂದು ಬಾಡಿಗೆ ಉಳಿಸಿದೆವೆಂದು ಬೀಗುವವರನ್ನು ಪ್ರತಿ ವಾರಾಂತ್ಯವೂ ಅಲ್ಲಿ ಕಾಣಬಹುದು. ಗುಡ್ಡದ ನೆತ್ತಿಯಲ್ಲಿ ಆ ತಟ್ಟೆಯ ಮೇಲೆ ಕೂತು, ಎರಡೂ ಕೈಯಲ್ಲಿ ಮರಳು ತಳ್ಳುತ್ತಾ, ಹಿಂದಿನಿಂದ ಹೆಂಡತಿ ನೂಕುತ್ತಾ, ಇಂಚು ಇಂಚಾಗಿ ಇಳಿಯುತ್ತಿರುತ್ತಾರೆ. ರಟ್ಟಿನ ಪೆಟ್ಟಿಗೆ ತಂದವರ ಪಾಡೂ ಅದೇ. ಮಳೆಯಾಗಿಯೋ ಹಿಮ ಬಿದ್ದೋ ಮರಳು ಚೆನ್ನಾಗಿ ನೆನೆದ ದಿನ ಹಿಮದ ಸ್ಲೆಡ್ ಜಾರೀತು. ಒಣ ಮರಳಿಗೆ ಅದಕ್ಕೆಂದೇ ಮಾಡಿದ್ದು ಬೇಕು. ಸ್ಯಾಂಡ್‌ಬೋರ್ಡ್ ಮತ್ತು ಸ್ಯಾಂಡ್ ಸ್ಲೆಡ್‌ಗಳ ತಳ ಗಟ್ಟಿ ಲ್ಯಾಮಿನೇಟಿನದು, ಅಡುಗೆಮನೆ ಕಟ್ಟೆಗೆ ಅಂಟಿಸುವ ಸನ್‌ಮೈಕಾದ ಜಾತಿ. ಅದರ ಮೇಲೆ ಪ್ಯಾರಾಫಿನ್ ಮೇಣ ಉಜ್ಜಬೇಕು. ಮೇಣದ ಬಿಲ್ಲೆಯನ್ನು ಹಲಗೆಯ ಜೊತೆಯಲ್ಲೇ ಕೊಡುತ್ತಾರೆ. ಒಂದೆರಡು ಜಾರಾಟಕ್ಕೇ ಮರಳು ಮೇಣವನ್ನು ಕೆರೆದು ತೆಗೆಯುವುದರಿಂದ, ಪ್ರತಿ ಸಲ ಮೇಲೆ ಬಂದಾಗ ಉಜ್ಜುವುದು ಒಳ್ಳೆಯದು. ಅರ್ಧ ನಿಮಿಷದ ಕೆಲಸ, ಹೇಗೂ ಏದುಸಿರು ಇಳಿಯಲು ಅಷ್ಟು ಹೊತ್ತು ಬೇಕು.

ಕೂತು ಜಾರುವ ಸ್ಲೆಡ್ಡೋ, ನಿಂತು ಜಾರುವ ಬೋರ್ಡೋ? ಬಾಡಿಗೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಸ್ಲೆಡ್ಡಿನಲ್ಲಿ ಮೊದಲ ಸಲವೇ ಬುಡ ಮುಟ್ಟುತ್ತೀರಿ. ಬೋರ್ಡಿನಲ್ಲಿ ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಭಾರವನ್ನು ಹಿಂಗಾಲಿಗೆ ಕೊಟ್ಟು, ಮೂತಿ ಮರಳಿಗೆ ಚುಚ್ಚದಂತೆ ನೋಡಿಕೊಳ್ಳಬೇಕು. ಹೊಸಬರು ಅರ್ಧದಾರಿಯಲ್ಲಿ ಉರುಳುವುದೇ ಹೆಚ್ಚು. ಅಂದರೆ ಅದೇ 7 ನಿಮಿಷದ ಏರಿಗೆ 12 ಸೆಕೆಂಡಿನ ಬದಲು 5-6 ಸೆಕೆಂಡು ಸಿಗುತ್ತದೆ. ಐವರ ಗುಂಪಿಗೆ ಎರಡು ಸ್ಲೆಡ್, ಒಂದು ಬೋರ್ಡ್ ಸಾಕು ಎನ್ನುವುದು ನನ್ನ ಮತ. ಬೋರ್ಡಿನ ಹುಚ್ಚು ಎಲ್ಲರಿಗೂ ಇರುತ್ತದೆ, ಎರಡು ಸಲ ಬಿದ್ದ ಮೇಲೆ ಮುಕ್ಕಾಲು ಪಾಲು ಜನ ಸ್ಲೆಡ್ಡಿನ ಸರದಿಗೆ ಬಂದು ನಿಲ್ಲುತ್ತಾರೆ.

ಏರುವುದರ ಬೆಲೆ

ಮರಳಿನ ಏರು ಏಕೆ ಇಷ್ಟು ನಿಧಾನ ಎಂಬುದಕ್ಕೆ ಎರಡು ಕಾರಣ, ಎರಡಕ್ಕೂ ಅಂಕಿಯಿದೆ. ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕೆಂದು ಅಳೆದು ನೋಡಿದ್ದಾರೆ. ಅದೂ ಸಮತಟ್ಟಾದ ಮರಳಿನಲ್ಲಿ. ಏರಿನಲ್ಲಿ ಇಟ್ಟ ಪ್ರತಿ ಹೆಜ್ಜೆಯ ಒಂದು ಪಾಲು ಹಿಂದಕ್ಕೇ ಕುಸಿಯುತ್ತದೆ. ಇನ್ನೊಂದು ಕಾರಣ ತೆಳು ಗಾಳಿ. ಗುಡ್ಡದ ಬುಡದ ಪಾರ್ಕಿಂಗ್ ಜಾಗವೇ ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಕಾರಿನ ಬಾಗಿಲು ತೆಗೆಯುವ ಜಾಗವೇ ಮುಳ್ಳಯ್ಯನಗಿರಿಯ ನೆತ್ತಿಗಿಂತ 500 ಮೀಟರಿಗೂ ಹೆಚ್ಚು ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಡೆನ್ವರಿನಲ್ಲಿ ಇರುವವರಿಗೆ 1,600 ಮೀಟರ್ ಅಭ್ಯಾಸವಾಗಿರುತ್ತದೆ. ಮಕ್ಕಳ ಮನೆಗೆಂದು ಬೆಂಗಳೂರಿನಿಂದ ಹಿಂದಿನ ವಾರವಷ್ಟೇ ಬಂದಿಳಿದ ಅಪ್ಪ-ಅಮ್ಮನನ್ನು ನೇರ ಇಲ್ಲಿಗೆ ಕರೆತಂದು ಗುಡ್ಡ ಹತ್ತಿಸುವುದು ಬೇಡ. ಬುಡದಲ್ಲಿ ಮೆಡಾನೊ ತೊರೆಯ ದಡವಿದೆ, ಅಲ್ಲಿ ಕುರ್ಚಿ ಹಾಕಿ.

ಶಕ್ತಿಯ ಲೆಕ್ಕವೂ ಸ್ವಲ್ಪ ನೋಡಿ. 70 ಕಿಲೋ ತೂಕದವರು 100 ಅಡಿ ಮೇಲೇರಲು ಗಟ್ಟಿ ನೆಲದಲ್ಲಿ 20-25 ಕಿಲೊಕ್ಯಾಲರಿ ಖರ್ಚಾದರೆ, ಮರಳಿನಲ್ಲಿ 50. ಏಳು ಸಲ ಹತ್ತಿದರೆ 350. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ಚಿತ್ರಾನ್ನದ ಡಬ್ಬಿ ಅಲ್ಲಿಗಲ್ಲಿಗೆ ಸರಿಹೋಯಿತು.

ನೀರು ತಲೆಗೆ 3 ಲೀಟರಿನಂತೆ ಐವರಿಗೆ 15 ಲೀಟರ್. ಅಂದರೆ 15 ಕಿಲೋ ಭಾರ. ಪಾರ್ಕಿಂಗಿನಿಂದ ಹತ್ತಿರದ ಜಾರುವ ಇಳಿಜಾರಿಗೆ ಸುಮಾರು ಅರ್ಧ ಮೈಲಿ ಮರಳಿನಲ್ಲಿ ನಡೆಯಬೇಕು. ಅದಕ್ಕೇ 20-25 ನಿಮಿಷ. ಎಲ್ಲ ನೀರನ್ನೂ ಒಟ್ಟಿಗೆ ಹೊರುವುದರ ಬದಲು ಅರ್ಧವನ್ನು ಕಾರಿನಲ್ಲೇ ಬಿಟ್ಟು, ಊಟಕ್ಕೆ ಇಳಿದಾಗ ತುಂಬಿಸಿಕೊಳ್ಳುವುದು ಜಾಣತನ. ಹೈ ಡ್ಯೂನಿನ ನೆತ್ತಿಯಿಂದಲೇ ಜಾರುತ್ತೇನೆ ಎಂದು ಹಟ ಹಿಡಿಯುವವನು ಪ್ರತಿ ಗುಂಪಿನಲ್ಲೂ ಒಬ್ಬನಿರುತ್ತಾನೆ. ಹೋಗಿಬರಲು ಎರಡೂವರೆ ಮೈಲಿ, ಬರಿಗೈಯಲ್ಲಿ ಹೋದವರಿಗೇ ಎರಡು ಗಂಟೆಯ ಕೆಲಸ. ಅಷ್ಟು ಹತ್ತಿದರೂ ಗುಡ್ಡ ಒಂದೇ ಓರೆಯಲ್ಲಿ ಇಳಿಯುವುದಿಲ್ಲ. ನಡುನಡುವೆ ತಟ್ಟಾದ ಏಣುಗಳಲ್ಲಿ ಹಲಗೆ ನಿಲ್ಲುತ್ತದೆ, ಎದ್ದು ನಡೆಯಬೇಕು. ನೋಟಕ್ಕಾಗಿ ಹತ್ತಿ, ಸಂತೋಷ. ಜಾರಲಿಕ್ಕೆ ಅಷ್ಟು ದೂರ ಬೇಕಿಲ್ಲ.

ಐವರಿಗೆ ಎಷ್ಟು ಹಲಗೆ?

ಉದ್ಯಾನದ ಒಳಗೆ ಹಲಗೆ ಬಾಡಿಗೆಗೆ ಸಿಗುವುದಿಲ್ಲ. ದ್ವಾರದ ಹೊರಗಿನ ಅಂಗಡಿಯಲ್ಲಿ ಋತುವಿನಲ್ಲಿ ಸಿಗುತ್ತದೆ. ಅಲಮೋಸಾ ಪಟ್ಟಣದಲ್ಲೂ ಸಿಗುತ್ತದೆ. ದಿನಕ್ಕೆ 20ರಿಂದ 30 ಡಾಲರ್ ಎಂದು ಇಟ್ಟುಕೊಳ್ಳಿ; ನನ್ನ ಲೆಕ್ಕಕ್ಕೆ 25.

ಡೆನ್ವರಿನಿಂದ ಐ-25 ಹಿಡಿದು ವಾಲ್ಸೆನ್‌ಬರ್ಗ್ ಮೇಲಿಂದ ಬರುವವರಿಗೆ ಒಂದು ಕಿವಿಮಾತು. ಉದ್ಯಾನಕ್ಕೆ ತಿರುಗುವ 150ನೇ ರಸ್ತೆ ಅಲಮೋಸಾಗಿಂತ ಸುಮಾರು 15 ಮೈಲಿ ಮೊದಲೇ ಸಿಗುತ್ತದೆ. ಹಲಗೆಗಾಗಿ ಅಲಮೋಸಾಕ್ಕೆ ಹೋದರೆ ತರಲು 30 ಮೈಲಿ, ವಾಪಸು ಕೊಡಲು ಇನ್ನೊಂದು 30 ಮೈಲಿ. ಕಾರಿನ ಪೆಟ್ರೋಲು 8 ಡಾಲರ್, ಸಮಯ ಒಂದು ಗಂಟೆ ಮೀರಿ. ಅಗ್ಗವೆಂದು ಅಲ್ಲಿಗೆ ಹೋಗುವವರು ಇದನ್ನೂ ಸೇರಿಸಿ ನೋಡಬೇಕು.

ಈಗ ಹಲಗೆಗಳ ಎಣಿಕೆ. ತಲೆಗೊಂದು ಹಲಗೆ ಎಂದರೆ ಐವರಿಗೆ 125 ಡಾಲರ್. ಇಬ್ಬರಿಗೊಂದರ ಲೆಕ್ಕದಲ್ಲಿ ಮೂರು ತಂದರೆ 75. ಹಂಚಿಕೊಂಡರೆ ಆಟ ಅರ್ಧವಾಗುತ್ತದೆ ಎಂದು ಎಲ್ಲರಿಗೂ ಮೊದಲು ಅನಿಸುತ್ತದೆ. ಹಾಗಾಗುವುದಿಲ್ಲ. ಹಲಗೆಯೊಂದು ಕೆಳಗಿಳಿದು, ಅದರ ಮೇಲಿದ್ದವರು ಎದ್ದು ಮೈ ಕೊಡವಿಕೊಂಡು, ಮತ್ತೆ ಮೇಲೆ ಬರಲು ಒಟ್ಟು 8 ನಿಮಿಷ. ಸ್ವಂತ ಹಲಗೆ ಇರುವವರು ಮೇಲೆ ಬಂದ ಕೂಡಲೇ ಜಾರುವುದಿಲ್ಲ. ಆ ಎತ್ತರದಲ್ಲಿ 5 ನಿಮಿಷವಾದರೂ ಕೂತೇ ಕೂರುತ್ತಾರೆ. ಅವರ ಸುತ್ತು 13 ನಿಮಿಷಕ್ಕೊಂದು. ಇಬ್ಬರಿಗೊಂದು ಹಲಗೆ ಇದ್ದಾಗ ಒಬ್ಬರು ಹತ್ತುವ 8 ನಿಮಿಷ ಇನ್ನೊಬ್ಬರ ವಿಶ್ರಾಂತಿ. ಸುತ್ತು 16 ನಿಮಿಷಕ್ಕೊಂದು. ಎರಡು ಗಂಟೆಯಲ್ಲಿ ಸ್ವಂತ ಹಲಗೆಯವರಿಗೆ 9 ಜಾರಾಟ, ಹಂಚಿಕೊಂಡವರಿಗೆ 7. ವ್ಯತ್ಯಾಸ ಎರಡೇ. ಫೋಟೋ ತೆಗೆಯಲು ಒಬ್ಬರು ಸದಾ ಮೇಲಿರುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಒಟ್ಟು ಖರ್ಚು. ಡೆನ್ವರಿನಿಂದ ಹೋಗಿಬರಲು ಸುಮಾರು 480 ಮೈಲಿ. ಐವರು ಕೂರುವ ವ್ಯಾನ್ ಗ್ಯಾಲನ್ನಿಗೆ 24 ಮೈಲಿ ಕೊಟ್ಟರೆ 20 ಗ್ಯಾಲನ್, 3.20 ಡಾಲರಿನ ದರದಲ್ಲಿ 64 ಡಾಲರ್. (ಲೀಟರಿಗೆ ಪರಿವರ್ತಿಸಿದರೆ 75 ರೂಪಾಯಿ ಒಳಗೇ ಬರುತ್ತದೆ. ಬೆಂಗಳೂರಿನಲ್ಲಿ ನೂರು ದಾಟಿರುವುದನ್ನು ನೆನೆದು ನಿಟ್ಟುಸಿರು ಬಿಡುವವರು ಬಿಡಬಹುದು.) ಉದ್ಯಾನದ ಪ್ರವೇಶ ಕಾರಿಗೆ 25 ಡಾಲರ್, ಒಳಗೆಷ್ಟೇ ಜನರಿರಲಿ, ಏಳು ದಿನ ನಡೆಯುತ್ತದೆ. ಯಾರ ಬಳಿಯಾದರೂ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದೂ ಉಳಿಯಿತು. ಹಲಗೆ ಮೂರಕ್ಕೆ 75. ಮನೆಯ ಚಿತ್ರಾನ್ನ, ಮೊಸರನ್ನದ ಜೊತೆಗೆ ದಾರಿಯ ಕಾಫಿ, ಹಣ್ಣು, ಚಿಪ್ಸ್ ಎಂದು 30. ಒಟ್ಟು 194 ಡಾಲರ್. ತಲೆಗೆ 39ರ ಒಳಗೆ. ಡಾಲರಿಗೆ 88 ರೂಪಾಯಿ ಹಿಡಿದರೆ ಸುಮಾರು 3,400 ರೂಪಾಯಿ.

ಐದೂ ಹಲಗೆ ತಂದರೆ ಒಟ್ಟು 244, ತಲೆಗೆ 49. ಇಬ್ಬರೇ ಹೋದರೆ ಏನಾಗುತ್ತದೆ ನೋಡಿ: ಪೆಟ್ರೋಲು, ಪ್ರವೇಶ ಅಷ್ಟೇ ಇರುತ್ತದೆ. ಒಂದೇ ಹಲಗೆ ತಂದು, ತಿಂಡಿಯನ್ನು 12ಕ್ಕೆ ಇಳಿಸಿದರೂ 126 ಡಾಲರ್, ತಲೆಗೆ 63. ಕಾರಿನಲ್ಲಿ ಖಾಲಿ ಬಿಟ್ಟ ಸೀಟೇ ಈ ಪ್ರವಾಸದ ಅತಿ ದುಬಾರಿ ವಸ್ತು.

ಜಾರಿದ ಸೆಕೆಂಡಿನ ಬೆಲೆ ತೆಗೆದರೆ ಇನ್ನೂ ಸ್ವಾರಸ್ಯ. ಹಂಚಿಕೊಂಡವರಿಗೆ 7 ಜಾರಾಟ, ತಲಾ 12 ಸೆಕೆಂಡು, ಒಟ್ಟು 84 ಸೆಕೆಂಡು. ಸೆಕೆಂಡಿಗೆ 46 ಸೆಂಟು, ಅಂದರೆ 40 ರೂಪಾಯಿ. ಸ್ವಂತ ಹಲಗೆಯವರಿಗೆ 108 ಸೆಕೆಂಡು. ಸೆಕೆಂಡಿಗೆ 45 ಸೆಂಟು. ಸರಿಸಮ! ಕಾಗದದ ಮೇಲೆ ಹಂಚಿಕೊಂಡದ್ದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಕಾಗದಕ್ಕೆ ಮೊಣಕಾಲಿಲ್ಲ. ಮೊದಲ ಸಲ ಹೋದವರಲ್ಲಿ ಒಂಬತ್ತು ಸಲ ಹತ್ತುವವರು ಅಪರೂಪ. ಆರಕ್ಕೆ ಹೆಚ್ಚಿನವರು ಮರಳ ಮೇಲೆ ಅಂಗಾತ ಮಲಗಿಬಿಡುತ್ತಾರೆ. ಎಲ್ಲರೂ ಆರಕ್ಕೇ ನಿಲ್ಲಿಸಿದರೆ ಹಂಚಿಕೊಂಡವರಿಗೆ ಸೆಕೆಂಡಿಗೆ 54 ಸೆಂಟು, ತಲೆಗೊಂದು ತಂದವರಿಗೆ 68. ಮೂರೇ ತನ್ನಿ ಎನ್ನುವುದಕ್ಕೆ ಇದೇ ಆಧಾರ.

ಹೊತ್ತು ಮತ್ತು ಋತು

ಬೇಸಿಗೆಯ ಮಧ್ಯಾಹ್ನ ಇಲ್ಲಿನ ಮರಳಿನ ಮೇಲ್ಮೈ 150 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ನಮ್ಮ ಲೆಕ್ಕದಲ್ಲಿ 65 ಡಿಗ್ರಿ ಸೆಲ್ಸಿಯಸ್. ಗಾಳಿ ತಂಪಾಗಿಯೇ ಇರುವುದರಿಂದ ಅದು ಗೊತ್ತಾಗುವುದು ಚಪ್ಪಲಿ ಕಳಚಿದಾಗಲೇ. ಬರಿಗಾಲು ಬೇಡ, ಸ್ಯಾಂಡಲ್ ಕೂಡ ಬೇಡ. ಮುಚ್ಚಿದ ಶೂ, ಕಾಲುಚೀಲ. ಬೆಳಗಿನ 10 ಗಂಟೆಯೊಳಗೆ ಅಥವಾ ಸಂಜೆ 5ರ ನಂತರವೇ ಆಟ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚೂ ಸಾಮಾನ್ಯ, ಬೋಳು ಗುಡ್ಡದ ಮೇಲೆ ಎತ್ತರದ ವಸ್ತು ಎಂದರೆ ನೀವೇ. ಗುಡುಗು ಕೇಳಿದ ತಕ್ಷಣ ಇಳಿಯಬೇಕು.

ಒಂದು ದಿನದ ಪ್ರವಾಸದ ದೋಷ ಇಲ್ಲಿ ಹೊರಬೀಳುತ್ತದೆ. ಡೆನ್ವರಿನಿಂದ ನಾಲ್ಕು ಗಂಟೆಯ ದಾರಿ. 6 ಗಂಟೆಗೆ ಹೊರಟರೆ ತಲುಪುವುದು 10ಕ್ಕೆ, ಹಲಗೆ ಹಿಡಿದು ಗುಡ್ಡ ಸೇರುವ ಹೊತ್ತಿಗೆ 11. ಅದು ಮರಳು ಕಾಯಲು ಶುರುವಾಗುವ ಹೊತ್ತು. ಬೆಳಗಿನ 3ಕ್ಕೇ ಹೊರಡಬೇಕು, ಇಲ್ಲವೆ ಅಲ್ಲೇ ರಾತ್ರಿ ಉಳಿಯಬೇಕು. ಎರಡೂ ಆಗದೆಂದರೆ ಏಪ್ರಿಲ್ ಅಥವಾ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬನ್ನಿ, ಆಗ ಹಗಲೆಲ್ಲ ಆಡಬಹುದು.

ಉಳಿಯುವುದಕ್ಕೆ ಎರಡು ದಾರಿ. ಅಲಮೋಸಾದ ಮೋಟೆಲಿನಲ್ಲಿ ಎರಡು ಕೋಣೆ, ಕೋಣೆಗೆ 110ರಂತೆ 220, ಹೊರಗಿನ ಊಟ-ತಿಂಡಿ 100, ಎರಡನೇ ದಿನದ ಹಲಗೆ 75. ಮೊದಲಿನ 194ಕ್ಕೆ ಸೇರಿಸಿದರೆ 589. ತಲೆಗೆ 118 ಡಾಲರ್. ಸಂಜೆ ಒಂದು ಸರದಿ, ಬೆಳಿಗ್ಗೆ ಒಂದು ಸರದಿ ಆಡಿ 168 ಸೆಕೆಂಡು ಜಾರಿದರೂ ಸೆಕೆಂಡಿಗೆ 70 ಸೆಂಟು ಬೀಳುತ್ತದೆ. ಇನ್ನೊಂದು ದಾರಿ ಟೆಂಟು. ಉದ್ಯಾನದೊಳಗೇ ಪಿನ್ಯೋನ್ ಫ್ಲಾಟ್ಸ್ ಎಂಬ ಕ್ಯಾಂಪ್‌ಗ್ರೌಂಡಿದೆ, 88 ಜಾಗ, ಒಂದು ಜಾಗಕ್ಕೆ ರಾತ್ರಿಗೆ 20 ಡಾಲರ್. ಟೆಂಟು, ಸ್ಲೀಪಿಂಗ್ ಬ್ಯಾಗು ಇದ್ದವರಿಗೆ 194ರ ಮೇಲೆ 20, ಎರಡನೇ ದಿನದ ಹಲಗೆಗೆ 75, ಸ್ಟೌ ಮೇಲೆ ಬೇಯಿಸುವ ಉಪ್ಪಿಟ್ಟು-ಅನ್ನಸಾರಿಗೆ 20. ಒಟ್ಟು 309, ತಲೆಗೆ 62. ಸೆಕೆಂಡಿಗೆ 37 ಸೆಂಟು, ಇಷ್ಟು ಹೊತ್ತು ಹಾಕಿದ ಲೆಕ್ಕಗಳಲ್ಲೆಲ್ಲ ಅಗ್ಗದ್ದು. ತಂಪಾದ ಎರಡು ಹೊತ್ತೂ ಕೈಗೆ ಸಿಗುತ್ತವೆ, ದಣಿದವರು ಅದೇ ರಾತ್ರಿ ನಾಲ್ಕು ಗಂಟೆ ಗಾಡಿ ಓಡಿಸುವ ಅಪಾಯವೂ ತಪ್ಪುತ್ತದೆ. 2019ರಿಂದ ಇದು ಅಂತರರಾಷ್ಟ್ರೀಯ ಮಾನ್ಯತೆಯ ಕತ್ತಲ ಆಗಸದ ಉದ್ಯಾನ. ನಕ್ಷತ್ರಕ್ಕೆ ಬೇರೆ ಟಿಕೇಟಿಲ್ಲ. ಬೇಸಿಗೆಯಲ್ಲೂ ರಾತ್ರಿ ಚಳಿ ಹಿಡಿಯುತ್ತದೆ, ಸ್ವೆಟರ್ ಮರೆಯಬಾರದು. ಜಾಗ ತಿಂಗಳುಗಳ ಮೊದಲೇ ಬುಕ್ ಆಗುತ್ತದೆ.

ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಹಿಮ ಕರಗಿ ಮೆಡಾನೊ ತೊರೆ ತುಂಬಿ ಹರಿಯುತ್ತದೆ. ತಳದಲ್ಲಿ ಮರಳಿನ ಸಣ್ಣ ಒಡ್ಡುಗಳು ಕಟ್ಟಿ ಒಡೆಯುವುದರಿಂದ ತೊರೆಯಲ್ಲೇ ಅಲೆಗಳೇಳುತ್ತವೆ. ಮಕ್ಕಳಿಗೆ ಸಮುದ್ರ ಬೇರೆ ಬೇಡ. ನೋಡಲು ಅದೇ ಚೆಂದದ ಕಾಲ, ಜಾರಲು ಅದೇ ಕೆಟ್ಟ ಕಾಲ. ವಾರಾಂತ್ಯದಲ್ಲಿ ದ್ವಾರದ ಹೊರಗೆ ಕಾರುಗಳ ಸಾಲು, ಬಾಡಿಗೆ ಅಂಗಡಿಯಲ್ಲಿ ಖಾಲಿ ಗೂಡು. ಜೂನ್ ನಡುವಿನಿಂದ ಸೊಳ್ಳೆಯೂ ಜೊತೆಗೂಡುತ್ತದೆ.

ಲೆಕ್ಕಕ್ಕೆ ಸಿಗದ ಖರ್ಚೊಂದಿದೆ, ಅದು ಮೊಬೈಲು. ನುಣ್ಣನೆಯ ಮರಳು ಚಾರ್ಜಿಂಗ್ ತೂತಿಗೆ ಹೊಕ್ಕರೆ ಐವರ ಇಡೀ ದಿನದ ಬಾಡಿಗೆಗಿಂತ ರಿಪೇರಿ ಹೆಚ್ಚು. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ಕಣ್ಣಿಗೆ ಅಡ್ಡ ಕನ್ನಡಕ, ಮೂಗು-ಬಾಯಿಗೆ ಕರವಸ್ತ್ರ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕಕ್ಕೆ ಮರಳಲಿ.

ಬೇರೆಡೆ ಈ 35ರ ಲೆಕ್ಕವೇ ಬದಲಾಗುತ್ತದೆ. ಪೆರುವಿನ ವಾಕಾಚಿನಾದಲ್ಲಿ ಮರಳಿನ ಮೇಲೆ ಓಡುವ ಬಗ್ಗಿ ಗಾಡಿಗಳು ಜನರನ್ನು ಗುಡ್ಡದ ನೆತ್ತಿಗೆ ಒಯ್ದು ಬಿಟ್ಟು, ಹೊಟ್ಟೆಯ ಮೇಲೆ ಜಾರಿ ಬಂದವರನ್ನು ಬುಡದಲ್ಲಿ ಹತ್ತಿಸಿಕೊಳ್ಳುತ್ತವೆ. ಹತ್ತುವ ಕೆಲಸವೇ ಇಲ್ಲ. ದುಬೈಯಲ್ಲಿರುವ ಕನ್ನಡಿಗರು ಮರುಭೂಮಿ ಸಫಾರಿಗೆ ಹೋದಾಗ ಪ್ಯಾಕೇಜಿನ ಜೊತೆಗೇ ಒಂದು ಬೋರ್ಡು ಸಿಗುವುದುಂಟು. ಜೀಪು ನಿಲ್ಲುವುದೇ ದಿಬ್ಬದ ಮೇಲೆ. ಕೊಲರಾಡೊದ ಗುಡ್ಡಗಳ ಮೇಲೆ ವಾಹನಕ್ಕೆ ಅನುಮತಿಯಿಲ್ಲ, ಇಲ್ಲಿ ಲಿಫ್ಟ್ ಎಂದರೆ ಕಾಲೇ. ಭಾರತದಲ್ಲಿ ಇಂಥ ಮರಳೆಂದರೆ ಜೈಸಲ್ಮೇರ್ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್. ನಮ್ಮ ತಲಕಾಡಿನ ಮರಳು ಗುಡಿಗಳನ್ನು ಮುಚ್ಚುವಷ್ಟಿದೆ, ಜಾರುವಷ್ಟಿಲ್ಲ.

ಹೊರಡುವವರಿಗೆ ಕೊನೆಯ ಮಾತು. ಇಲ್ಲಿ ಕೊಟ್ಟ ದರಗಳು ಋತುವಿಗೆ ಋತು ಏರಿಳಿಯುತ್ತವೆ. ಪ್ರವೇಶ ಶುಲ್ಕವನ್ನೂ ಹಲಗೆಯ ಬಾಡಿಗೆಯನ್ನೂ ಹಿಂದಿನ ದಿನ ನೋಡಿಕೊಳ್ಳಿ. ಫೋನ್ ಮಾಡಿದಾಗ ಅಂಗಡಿಯವರನ್ನು ಹಲಗೆ ಉಳಿದಿದೆಯೇ ಎಂಬುದರ ಜೊತೆಗೆ ಎಷ್ಟು ಗಂಟೆಯೊಳಗೆ ವಾಪಸು ಕೊಡಬೇಕು, ಸಂಜೆ ತೆಗೆದುಕೊಂಡರೆ ಮರುದಿನ ಬೆಳಿಗ್ಗೆಯವರೆಗೆ ಒಂದೇ ದಿನದ ಬಾಡಿಗೆಯಲ್ಲಿ ಇಟ್ಟುಕೊಳ್ಳಬಹುದೇ ಎಂಬುದನ್ನೂ ಕೇಳಿ. ಹೂಂ ಅಂದರೆ ಟೆಂಟಿನವರ ಖರ್ಚು ತಲೆಗೆ 62ರಿಂದ 47 ಡಾಲರಿಗೆ ಇಳಿಯುತ್ತದೆ.